ಅಜ್ಜಿ ಬಿಡಿಸದೆ ಹೋದ ಒಗಟು

“ಕೇಳ್ರಪ್ಪೋ ಕೇಳಿ! ಹಿರೇಕೋಟೆಯ ಅರಸರಿಗೆ ನಿದ್ದೆ ಹತ್ತದೆ ವರ್ಷಗಳಾದವು. ವೈದ್ಯರ ಕಷಾಯ, ಲೇಹ್ಯ ಯಾವುದೂ ನಾಟಲಿಲ್ಲ. ಅರಸರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ಬಿಡಿಸಲು ಬಂದು ಸೋತವರ ತಲೆ ಅಮಾವಾಸ್ಯೆಯ ಸಂಜೆ ಹೋಗುವುದು. ಕೇಳ್ರಪ್ಪೋ ಕೇಳಿ!”

ಡಂಗುರದವನು ಹೀಗೆ ಓಣಿ ಓಣಿ ಸಾರುತ್ತಾ ಹೋದ. ಎಂಥಾ ಕಾಲ ಅದು! ಕತ್ತಲಾದರೆ ಊರಿಗೆ ಊರೇ ಮಲಗುತ್ತಿತ್ತು, ಕೋಳಿ ಕೂಗಿದರೆ ಏಳುತ್ತಿತ್ತು. ನಿದ್ದೆ ಅನ್ನುವುದು ಊರ ಬಾವಿಯ ನೀರಿನಂತೆ ಬಡವರಿಗೂ ಸಿಗುತ್ತಿತ್ತು. ಅರಸನೊಬ್ಬನಿಗೇ ಇಲ್ಲದೆ ಹೋಯಿತು, ಪಾಪ.

ಆ ಊರಲ್ಲಿ ಗುರವ್ವ ಎಂಬಾಕೆ ಇದ್ದಳು. ಹಳೇ ಸೀರೆ, ಧೋತರದ ತುಂಡು ಜೋಡಿಸಿ ಕೌದಿ ಹೊಲಿಯುವ ಕಸುಬು. ತಾಯಿ ಸತ್ತಾಗ ತಮ್ಮ ಚನ್ನ ಇನ್ನೂ ತೊಟ್ಟಿಲ ಕೂಸು. ಕೈಲಿ ಸೂಜಿ, ಕಾಲಲ್ಲಿ ತೊಟ್ಟಿಲ ಹಗ್ಗ, ಹಾಗೆ ಸಾಕಿದಳು ಅವನನ್ನು. ಆ ಮಹಾರಾಯ ಅಕ್ಕನಿಗೆ ಒಂದು ಮಾತೂ ಹೇಳದೆ ಅರಮನೆಗೆ ಹೋದ, ಎರಡನೆಯ ಒಗಟಿಗೆ “ನೆರಳು” ಅಂದು ಸೋತ, ಸೆರೆಮನೆ ಸೇರಿದ. ಗುರವ್ವನಿಗೆ ಸುದ್ದಿ ಮುಟ್ಟಿದ್ದು ಅಮಾವಾಸ್ಯೆಯ ಬೆಳಿಗ್ಗೆ. ಕೈಯಲ್ಲಿದ್ದ ಕೌದಿ ಅಲ್ಲೇ ಬಿಟ್ಟು ಎದ್ದಳು.

ಆಸ್ಥಾನದಲ್ಲಿ ಆಕೆಗಿಂತ ಮುಂದೆ ಇಬ್ಬರು ನಿಂತಿದ್ದರು. ಅರಸ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಾ ಕೇಳಿದ: “ಕರೆದರೆ ಬಾರದು, ಬೆನ್ನು ಹತ್ತಿದರೆ ಓಡುತ್ತದೆ, ಮರೆತು ಕೂತರೆ ತಾನಾಗಿ ಬಂದು ಮೈಮೇಲೆ ಬೀಳುತ್ತದೆ. ಏನದು?”

“ಬೆಕ್ಕು!” ಅಂದ ನೆರೆರಾಜ್ಯದ ರಾಜಕುಮಾರ. ಭಟರು ರಟ್ಟೆ ಹಿಡಿದರು. “ಲಕ್ಷ್ಮಿ” ಅಂದರು ಶಾಸ್ತ್ರಿಗಳು, ಶ್ಲೋಕವನ್ನೂ ಸೇರಿಸಿ. ಅವರನ್ನೂ ಒಯ್ದರು.

“ನೀನು ಹೇಳಮ್ಮ,” ಅಂದ ಅರಸ.

“ನಿದ್ದಿ ರೀ. ಬರ್ಲಿ ಬರ್ಲಿ ಅಂತ ಕಾಯ್ಕೊಂಡು ಬಿದ್ದಿದ್ರ ಅದು ಬರೂದೇ ಇಲ್ಲ.”

ಅರಸ ನೆಟ್ಟಗೆ ಕೂತ. “ಹಗಲಿಗೆ ಎಳ್ಳಿನಷ್ಟು, ದಿಂಬಿಗೆ ತಲೆ ಇಟ್ಟರೆ ಗುಡ್ಡದಷ್ಟು. ತಕ್ಕಡಿಗೆ ಹಾಕಿದರೆ ತೂಕವೇ ಇಲ್ಲ. ಏನದು?”

ಚನ್ನ ಎಡವಿದ್ದು ಇಲ್ಲೇ. ತಮ್ಮನಿಗೆ ಜ್ವರ ಬಂದಾಗಲೆಲ್ಲ ತಾನು ಗೋಡೆಗೊರಗಿ ಕೂತು ಏನೇನೋ ನೆನೆದು ಬೆವೆತದ್ದು ಗುರವ್ವನ ಕಣ್ಣಿಗೆ ಕಟ್ಟಿತು. “ಚಿಂತಿ ರೀ. ಬೆಳಗಾದ ಮ್ಯಾಲೆ ನೋಡಿದ್ರ ಅದು ಎಳ್ಳಷ್ಟ ಇರ್ತದ, ಇಷ್ಟಕ್ಕ ಹೆದರಿದ್ನಾ ಅನಸ್ತದ.”

ಸಭೆ ಗುಜುಗುಟ್ಟಿತು. ಅರಸನ ದನಿ ಇಳಿಯಿತು.

“ಮೂರನೆಯದು ನನ್ನದಲ್ಲ, ನಮ್ಮಜ್ಜಿಯದು. ಚಿಕ್ಕವನಿದ್ದಾಗ ಪಡಸಾಲೆಯಲ್ಲಿ ಅವಳ ಸೆರಗು ಹೊದ್ದು ಮಲಗುತ್ತಿದ್ದೆ. ಸೆರಗಿಗೆ ಸಾಂಬ್ರಾಣಿಯ ವಾಸನೆ. ಆ ದಿನಗಳ ಮುಂದೆ ಈ ಸಿಂಹಾಸನ ಯಾವ ಲೆಕ್ಕ! ಅವಳು ದಿನಾ ಕೇಳುತ್ತಿದ್ದಳು: ಕೂಸಿಗೆ ಬೇಡವೆಂದರೂ ಸಿಗುತ್ತದೆ, ಅರಸ ಬೇಡಿದರೂ ಸಿಗದು. ಕೊಡುವವರಿಗೆ ಖರ್ಚಿಲ್ಲ, ಪಡೆದವರಿಗೆ ಸಿಟ್ಟು. ಆದರೂ ಅದು ಸಿಕ್ಕ ಮೇಲೆಯೇ ಕಣ್ಣು ಮುಚ್ಚುವುದು. ಉತ್ತರ ಹೇಳದೆಯೇ ತೀರಿಹೋದಳು, ನನಗೂ ಗೊತ್ತಿಲ್ಲ. ಒಬ್ಬ ಜೋಗುಳ ಅಂದ, ಹಾಡಿಸಿದೆ. ಇನ್ನೊಬ್ಬ ಹಾಲು ಅಂದ, ಚರಿಗೆಗಟ್ಟಲೆ ಕುಡಿದೆ. ನಿದ್ದೆ ಬಂದರೆ ಅದೇ ಸರಿಯುತ್ತರ.”

“ಉತ್ತರ ಕೊಡಂತ ನೀವು ಕೇಳಿದಾಗ ಅಜ್ಜಿ ಏನಂತಿದ್ರು?”

“ಏನನ್ನುತ್ತಾಳೆ? ‘ನಾಳಿ ಹೇಳ್ತೀನಿ. ಈಗ ಸಾಕು, ಮಲ್ಕೋ’ ಅಂತ ಗದರುತ್ತಿದ್ದಳು. ದಿನಾ ಅದೇ ಸಬೂಬು.”

ಗುರವ್ವನಿಗೆ ತಟ್ಟನೆ ಹೊಳೆಯಿತು. ಹೊಳೆದದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಆ ಅರಮನೆಯಲ್ಲಿ ಅರಸನಿಗೆ ‘ಸಾಕು’ ಅನ್ನುವಂತಿರಲಿಲ್ಲ. ಬಡಿಸುವವರೂ ಅವನು ಕೈ ಅಡ್ಡ ಹಿಡಿಯುವ ತನಕ ಬಡಿಸುತ್ತಲೇ ಇರಬೇಕು. ‘ಸಾಕು’ ಅಂದವರ ನಾಲಿಗೆ ಉಳಿಯುತ್ತಿರಲಿಲ್ಲ. ಆದರೆ ಚನ್ನನ ತಲೆ ಉಳಿಯಬೇಕಲ್ಲ! ಸೆರಗು ಸಿಕ್ಕಿಸಿ ಮುಂದೆ ಬಂದಳು. ಹಟಮಾಡುವ ತಮ್ಮನಿಗೆ ಗದರುತ್ತಿದ್ದ ದನಿಯಲ್ಲೇ ಗದರಿದಳು.

“ಏ, ಸಾಕು! ಕಿರೀಟ ತಗದಿಡು. ಏನಿದ್ರೂ ನಾಳಿ ನೋಡೂಣು. ಮಲ್ಕೋ!”

ಕತ್ತಿಗಳು ಒರೆಯಿಂದ ಹೊರಬಂದವು. ಅರಸನ ಮುಖ ಸಿಟ್ಟಿನಿಂದ ಕೆಂಪಾಯಿತು, ಆಮೇಲೆ ತುಟಿ ನಡುಗಿತು.

“ರಾಜ್ಯ?” ಅಂದ, ಕೂಸಿನ ಹಾಗೆ.

“ಎಲ್ಲೂ ಓಡಿ ಹೋಗಂಗಿಲ್ಲ. ನಾವೆಲ್ಲ ಇದ್ದೀವಿ.”

ಅರಸ ಕಿರೀಟ ತೆಗೆದು ಸಿಂಹಾಸನದ ಮೆಟ್ಟಿಲ ಮೇಲೆಯೇ ಒರಗಿದ. ಒಂದು ಆಕಳಿಕೆ. ಇನ್ನೊಂದು. ಆಮೇಲೆ ಗೊರಕೆ!

ಸಂಜೆ ತಲೆ ಕಡಿಯುವವನು ಅಪ್ಪಣೆ ಕೇಳಲು ಬಂದ. ಎಬ್ಬಿಸುವ ಎದೆಗಾರಿಕೆ ಯಾರಿಗಿತ್ತು? ಗುರವ್ವ ತುಟಿಯ ಮೇಲೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡಿದಳು. ಅವನು ತುದಿಗಾಲಲ್ಲಿ ವಾಪಸು ಹೋದ.

ಅರಸ ಎದ್ದಾಗ ಮರುದಿನದ ಬಿಸಿಲು ಕಂಬಕ್ಕೆ ಬಂದಿತ್ತು. “ಏನು ಬೇಕು ಕೇಳಕ್ಕಾ,” ಅಂದ.

“ನನ್ನ ತಮ್ಮ ಬೇಕು. ಅವನ ಜೋಡಿ ಇದ್ದವರನ್ನೂ ಬಿಟ್ಟುಬಿಡ್ರಿ, ಅವರಿಗೂ ಮನ್ಯಾಗ ಯಾರಾರ ಕಾಯ್ತಿರ್ತಾರ.”

ಎಲ್ಲರನ್ನೂ ಬಿಟ್ಟರು. ರಾಜಕುಮಾರ ತಿರುಗಿ ನೋಡದೆ ಕುದುರೆ ಹತ್ತಿದ. ಚನ್ನ ಅಕ್ಕನ ಕಾಲು ಹಿಡಿಯಹೋಗಿ ಬೆನ್ನಿಗೆರಡು ತಿಂದ. ಅರಸ ಆಕೆಗೆ ಮನೆ, ಹೊಲ ಕೊಟ್ಟ. ಗದರುವವರು ಒಬ್ಬರಾದರೂ ಇರಲೆಂದು, ಆಕೆಗೆ ಯಾವಾಗಲೂ ಅರಮನೆಯ ಬಾಗಿಲು ತೆರೆದಿಟ್ಟ.

ಬೀಳ್ಕೊಡಲು ಬಾಗಿಲ ತನಕ ಬಂದವನ ಕಣ್ಣಲ್ಲಿ ನೀರಿತ್ತು.

“ಕೊನೆಯ ರಾತ್ರಿಯೂ ಅಜ್ಜಿ ‘ಸಾಕು, ಮಲ್ಕೋ’ ಅಂತಲೇ ಗದರಿದಳಕ್ಕಾ. ಉತ್ತರ ಹೇಳಲಿಲ್ಲವೆಂದು ಸಿಟ್ಟಾಗಿ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಹೇಳಿಯೇ ಹೋಗಿದ್ದಾಳೆ ನೋಡು, ನಮ್ಮಜ್ಜಿ.”