ಐದನೆಯ ಕೀಲಿ

‘ಹಿರೇಕೆರೆಗೆ ದಾರಿ ಯಾವುದವ್ವ?’ ಎಂದು ಶಿಷ್ಯನು ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದ. ಅವನೂ ಅವನ ಗುರುವಾಗಿದ್ದ ವೃದ್ಧ ಸನ್ಯಾಸಿನಿಯೂ ಬೆಳಗಿನಿಂದ ದಾರಿ ತಪ್ಪಿ ಸುತ್ತುತ್ತಿದ್ದರು.

‘ನೀವು ನಿಂತಿದ್ದೀರಲ್ಲ, ಹೋದ ವರ್ಷದ ತನಕ ಅದೇ ದಾರಿ. ಈಗ ಹೊಲದವನು ಬೇಲಿ ಹಾಕಿದ್ದಾನೆ. ಹಾರುವ ಹಾಗಿದ್ದರೆ ಹಾರಿ, ಸ್ವಾಮಿ. ನಿಮ್ಮ ಅಮ್ಮನವರು ಹಾರಲಿಕ್ಕಿಲ್ಲ,’ ಎಂದು ಅವಳು ಮತ್ತೆ ಬಗ್ಗಿದಳು.

ಇಬ್ಬರೂ ಬಂದ ದಾರಿಯಲ್ಲೇ ತಿರುಗಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. ಆದರೂ ನ್ಯಾಯ ಬಿಡಬಾರದೆಂದು ಕೇಳಿದ: ‘ಹೊಲ ಅವನದು, ಬೇಲಿ ಅವನದು. ನಾವು ಸುತ್ತಿಕೊಂಡು ಹೋದರೆ ಅವನ ತಪ್ಪೇನು, ತಾಯಿ?’

‘ಬೇಲಿಯಲ್ಲಿ ತಪ್ಪಿಲ್ಲ. ಆ ದಾರಿ ನಂಬಿದವರಿಗೆ ಹೇಳದೆ ಹಾಕಿದ್ದರಲ್ಲಿದೆ, ಕೇಳು,’ ಎಂದು ಗುರು ನಡೆಯುತ್ತಲೇ ಕತೆ ಹೇಳಿದರು.

ಒಂದು ಊರಿನ ಮುದ್ರಣಾಲಯದಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಕಟ್ಟುತ್ತಿದ್ದಳು. ಅಲ್ಲೇ ಒಬ್ಬ ಮುದುಕ ಕರಡು ತಿದ್ದುತ್ತಿದ್ದ. ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವನ ಕಣ್ಣಿನಿಂದ ತಪ್ಪು ತಪ್ಪಿಸಿಕೊಳ್ಳುವುದಿಲ್ಲ ಎಂಬ ಹೆಸರಿತ್ತು. ಅದೊಂದನ್ನು ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿರಲಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪುಟಗಳನ್ನು ಹಾಳುಮಾಡುತ್ತಿದ್ದಳು. ಮಾಲೀಕ ನೋಡುವ ಮೊದಲೇ ಮುದುಕ ಅವನ್ನು ತರಿಸಿಕೊಂಡು, ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಕ್ಕೆ ಕಳಿಸುತ್ತಿದ್ದ. ಹೀಗೆ ಎರಡು ವರ್ಷ. ಅವಳ ಕೆಲಸ ಉಳಿದದ್ದು ಹಾಗೆ.

ಅವಳು ಊಟಕ್ಕೆ ಎದ್ದಾಗ ಅವನು ಅವಳ ಕಂಪ್ಯೂಟರಿನಲ್ಲಿ ಕೊನೆಯ ತಿದ್ದುಪಡಿಗಳನ್ನು ತಾನೇ ಸೇರಿಸುತ್ತಿದ್ದ. ಸೇವ್ ಮಾಡಲು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಅವನ ಎಡಗೈ ನಡುಗುತ್ತಿತ್ತು. ಅವಳು ಕೀಲಿಮಣೆಯ ಮೇಲಿನ ಸಾಲಿನ ಐದನೆಯ ಕೀಲಿಯನ್ನು ಆ ಕೆಲಸಕ್ಕೆ ಗೊತ್ತುಮಾಡಿ, ‘ಇದು ನಿಮ್ಮದು, ಮೇಷ್ಟ್ರೇ. ಒಂದೇ ಬೆರಳು ಸಾಕು,’ ಎಂದಳು. ಅವನು ಒಂದು ತಪ್ಪು ತಿದ್ದುವನು, ಐದನೆಯ ಕೀಲಿ ಒತ್ತುವನು, ಮತ್ತೆ ಕಾಗದಕ್ಕೆ ಕಣ್ಣು ಹಾಕುವನು. ಪರದೆಯನ್ನು ಹೆಚ್ಚು ನೋಡುತ್ತಿರಲಿಲ್ಲ.

ವರ್ಷಗಳು ಕಳೆದವು. ಅವಳ ಕೈ ಚುರುಕಾಯಿತು, ಕೆಲಸ ಹೆಚ್ಚಿತು. ಬರೆಯುವವರು ಕಳಿಸುವ ಬರಹದಲ್ಲಿ ಬೇಡದ ದಪ್ಪಕ್ಷರ, ಓರೆಯಕ್ಷರ ತುಂಬಿರುತ್ತಿದ್ದವು. ಒಂದೇ ಏಟಿಗೆ ಇಡೀ ಪ್ಯಾರಾವನ್ನು ಸಾದಾ ಅಕ್ಷರಕ್ಕೆ ತರುವ ಕೀಲಿಯೊಂದು ಅವಳಿಗೆ ಬೇಕಾಯಿತು. ಬೆರಳಿಗೆ ಹತ್ತಿರವಿದ್ದದ್ದು ಐದನೆಯದು. ‘ಈ ಕೀಲಿ ಈಗ ಸೇವ್ ಮಾಡುವ ಕೆಲಸದಲ್ಲಿದೆ’ ಎಂದು ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಬಂತು. ಅವಳು ಓದಿದಳು. ತಾನು ಸೇವ್ ಮಾಡುವುದು ಎರಡು ಕೀಲಿಯಿಂದಲ್ಲವೇ ಎಂದುಕೊಂಡು ಸರಿ ಎಂದು ಒತ್ತಿದಳು.

ಆ ವಾರ ಒಬ್ಬ ಪಂಡಿತನ ಪುಸ್ತಕ ಬಂದಿತ್ತು. ಹಳೆಯ ಶಾಸ್ತ್ರ, ಅದಕ್ಕೆ ಅವನ ವ್ಯಾಖ್ಯಾನ. ಮೂಲದ ಮಾತು ದಪ್ಪಕ್ಷರ, ಪಂಡಿತನ ಮಾತು ತೆಳು ಅಕ್ಷರ, ಎರಡೂ ಒಂದೇ ಪ್ಯಾರಾದಲ್ಲಿ. ಮುದುಕ ಎಂದಿನಂತೆ ತಿದ್ದಿದ, ಐದನೆಯ ಕೀಲಿ ಒತ್ತಿದ, ಕಾಗದ ನೋಡಿದ. ಅವನು ಒತ್ತಿದಲ್ಲೆಲ್ಲ ದಪ್ಪಕ್ಷರ ಅಳಿಸಿಹೋಯಿತು. ಅವಳು ಊಟ ಮುಗಿಸಿ ಬಂದಾಗ ಸೇವ್ ಆಗಿರಲಿಲ್ಲ. ಮೇಷ್ಟ್ರಿಗೆ ಮರೆವು ಎಂದುಕೊಂಡು, ತಾನೇ ಸೇವ್ ಮಾಡಿ ಅಚ್ಚಿಗೆ ಕಳಿಸಿದಳು. ಮೇಷ್ಟ್ರು ನೋಡಿದ ಮೇಲೆ ಇನ್ನೊಬ್ಬರು ನೋಡುವ ಪದ್ಧತಿ ಅಲ್ಲಿರಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ತಿದ್ದಿದ ಪ್ಯಾರಾಗಳಲ್ಲಿ ಯಾವುದು ಶಾಸ್ತ್ರ, ಯಾವುದು ಪಂಡಿತನ ಹರಟೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಪಂಡಿತ ಕೂಗಾಡಿದ. ಮಾಲೀಕ ಮುದುಕನನ್ನು ಕರೆಸಿದ.

‘ಕಣ್ಣು ಹೋಯಿತು ಅಂತ ಮೊದಲೇ ಹೇಳಬಾರದಿತ್ತೇ, ಮೇಷ್ಟ್ರೇ? ಮನೆಯಲ್ಲಿ ಕೂತಿರಿ ಎನ್ನುತ್ತಿದ್ದೆ. ಈಗಲೂ ಅದನ್ನೇ ಹೇಳಬೇಕಾಗಿದೆ.’

ಮುದುಕ ಅವಳ ಕಡೆ ತಿರುಗಿದ. ‘ನೀನು ಕೊಟ್ಟ ಕೀಲಿಯನ್ನೇ ಒತ್ತಿದೆ, ಅಲ್ಲವೇನಮ್ಮ?’

ಸಣ್ಣ ಅಕ್ಷರದ ಆ ಸಾಲು ಅವಳಿಗೆ ಆಗ ನೆನಪಾಯಿತು. ಮಾಲೀಕ ಅವಳನ್ನೇ ನೋಡುತ್ತಿದ್ದ.

‘ಪಕ್ಕದ್ದು ಒತ್ತಿರಬಹುದು, ಮೇಷ್ಟ್ರೇ. ನಿಮ್ಮ ಕೈ ನಡುಗುತ್ತದಲ್ಲ,’ ಎಂದಳು.

‘ಇರಬಹುದು,’ ಎಂದ ಮುದುಕ. ಅವಳ ಮಾತನ್ನು ಅವನು ನಂಬಿದ. ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟುಹೋದ.

ಅವನು ಹೋದ ಮೇಲೆ ಅವಳು ತನ್ನ ಜಾಗದಲ್ಲಿ ಕುಳಿತು, ಐದನೆಯ ಕೀಲಿಯನ್ನು ಮತ್ತೆ ಸೇವ್ ಮಾಡುವ ಕೆಲಸಕ್ಕೆ ಹಾಕಿದಳು. ಎಷ್ಟೇ ಅವಸರವಿದ್ದರೂ ಆಮೇಲೆ ಅದನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಯಾರೂ ಒತ್ತಲೂ ಇಲ್ಲ.

ಗುರು ಇಷ್ಟು ಹೇಳಿ ಮುಂದೆ ನಡೆದರು. ಕತೆ ಅಲ್ಲಿಗೇ ನಿಂತದ್ದರಿಂದ ಶಿಷ್ಯನಿಗೆ ಸಮಾಧಾನವಾಗಲಿಲ್ಲ.

‘ಕೊನೆಗಾದರೂ ಅವನ ಋಣ ತೀರಿಸಿದಳಲ್ಲ, ತಾಯಿ,’ ಎಂದ.

‘ತೀರಿಸಿದಳು,’ ಎಂದರು ಗುರು, ‘ಕಂಪ್ಯೂಟರಿಗೆ.’