ತಡವಾಗಿ ಬಂದ ನೊರೆಯಕ್ಕ

ಬೋಂಡ ಕರಿದ ಬಾಣಲೆ ತೊಳೆಯಲು ಅದಕ್ಕೆ ನೀರು ಸುರಿದು, ಅಂಟುವಾಳಕಾಯಿ ಕಿವುಚಿ ಹಾಕಿದ್ದರು. ಅಂಟುವಾಳದ ಕಣಗಳ ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಬೇಕು. ಹಾಗಾಗಿ ಅವೆಲ್ಲ ಓಡಿಹೋಗಿ, ನೀರಿಗೂ ಅದರ ಮೇಲೆ ತೇಲುವ ಎಣ್ಣೆಗೂ ನಡುವಿನ ಗಡಿಯಲ್ಲಿ ಒತ್ತೊತ್ತಾಗಿ ನಿಂತುಬಿಟ್ಟವು. ತಡವಾಗಿ ಬಂದ ನೊರೆಯಕ್ಕನೆಂಬ ಕಣಕ್ಕೆ ಕಾಲಿಡಲೂ ಜಾಗವಿರಲಿಲ್ಲ.

"ಬಾಲ ಕತ್ತರಿಸಿಕೊಂಡು ನನ್ನಲ್ಲೇ ಇರು," ಎಂದಿತು ನೀರು.

"ತಲೆ ಬಿಟ್ಟು ನನ್ನೊಳಗೆ ಬಾ," ಎಂದಿತು ಎಣ್ಣೆ.

"ಯಾವುದನ್ನು ಬಿಟ್ಟು ಬಂದರೂ ಬರುವವಳು ನಾನಾಗಿರುವುದಿಲ್ಲವಲ್ಲ!" ಎಂದು ರೇಗಿದ ನೊರೆಯಕ್ಕ, ತನ್ನಂತೆಯೇ ಜಾಗ ಸಿಗದೆ ಪೆಚ್ಚಾಗಿದ್ದವರನ್ನು ಕೂಗಿದಳು: "ಬನ್ನಿರೇ, ತಲೆ ಹೊರಗೆ, ಬಾಲ ಒಳಗೆ ಮಾಡಿ ದುಂಡಗೆ ಕೂರೋಣ!"

ಕೂತರು. ಬಾಣಲೆಯ ತಳಕ್ಕೆ ಅಂಟಿಕೊಂಡು, "ನನ್ನನ್ನು ಇಲ್ಲೇ ಕಮಟಾಗಲು ಬಿಡುತ್ತೀರಾ?" ಎಂದು ಅಳುತ್ತಿದ್ದ ಎಣ್ಣೆಹನಿಯೊಂದನ್ನೂ ನಡುವೆ ಕೂರಿಸಿಕೊಂಡರು.

ಹಿತ್ತಲಿಗೆ ಒಯ್ದು ಬಾಣಲೆ ಬಗ್ಗಿಸಿದಾಗ ನೀರಿಗೆ ಕಂಡದ್ದು ಬರೀ ತಲೆಗಳು. "ಎಲ್ಲ ನಮ್ಮವರೇ, ಹೊರಡಿ!" ಎಂದು ಹೊತ್ತುಕೊಂಡು ಹೊರಟಿತು.

"ನಾನು ಒಳಗಿರುವುದು ಅದಕ್ಕೆ ಗೊತ್ತೇ?" ಎಂದು ಎಣ್ಣೆಹನಿ ಪಿಸುಗುಟ್ಟಿತು.

"ಕೇಳಿದರೆ ಹೇಳೋಣ," ಎಂದಳು ನೊರೆಯಕ್ಕ. "ಈಗ ಸುಮ್ಮನೆ ಕೂತಿರು, ಬಾಳೆಗಿಡದ ಬುಡ ಬಂತು."