ಹೊಸ ಹೆಸರಿನ ಹಳೆಯ ಬೇರು

ಒಂದು ಕಾಡಿನಲ್ಲಿ ಉಬ್ಬಸಕ್ಕೆ ಇದ್ದದ್ದು ಒಂದೇ ಔಷಧಿ. ಅದು ಬೆಟ್ಟದ ಮೇಲೆ ಬೆಳೆಯುವ ಒಂದು ಬಳ್ಳಿಯ ಬೇರು. ಮುಳ್ಳುಹಂದಿಗಳು ಬೇರನ್ನು ಅಗೆದು ನರಿಗೆ ಕೊಡುತ್ತಿದ್ದವು. ನರಿ ಅದನ್ನು ಪುಡಿ ಮಾಡಿ, ಎಲೆಯಲ್ಲಿ ಪೊಟ್ಟಣ ಕಟ್ಟಿ, ಹತ್ತು ಬಾರೆಹಣ್ಣಿಗೆ ಒಂದರಂತೆ ಮಾರುತ್ತಿತ್ತು.

ನಂಜಿ ಎಂಬ ಕೋತಿಯ ಗಂಡನಿಗೆ ಉಬ್ಬಸವಿತ್ತು. ದಿನಕ್ಕೊಂದು ಪೊಟ್ಟಣ ಇಲ್ಲದಿದ್ದರೆ ಅವನಿಗೆ ಮರ ಹತ್ತಲೂ ಆಗುತ್ತಿರಲಿಲ್ಲ. ಬೇರೆಲ್ಲೂ ಔಷಧಿ ಸಿಗುವುದಿಲ್ಲವೆಂದು ತಿಳಿದಿದ್ದ ನರಿ ಒಂದು ದಿನ ಬೆಲೆಯನ್ನು ಐವತ್ತು ಹಣ್ಣಿಗೆ ಏರಿಸಿತು. ಅಂದಿನಿಂದ ನಂಜಿಗೆ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಆರಿಸುವುದೇ ಕೆಲಸವಾಯಿತು. ಮಕ್ಕಳಿಗೆ ಬರೀ ಚಿಗುರೆಲೆ ಉಳಿಯಿತು. ಕೊನೆಗೆ ಅವಳು ಕಾಡಿನ ಹಿರಿಯ ಆನೆಯ ಬಳಿ ಹೋಗಿ ಕಷ್ಟ ಹೇಳಿಕೊಂಡಳು.

ಆನೆ ವಿಚಾರಿಸಿತು. ನರಿ ಮುಳ್ಳುಹಂದಿಗಳಿಗೆ ಕೊಡುತ್ತಿದ್ದದ್ದು ಪೊಟ್ಟಣಕ್ಕೆ ಐದೇ ಹಣ್ಣು ಎಂದು ತಿಳಿಯಿತು. ಇನ್ನು ಮೇಲೆ ಹತ್ತು ಹಣ್ಣಿಗಿಂತ ಒಂದೂ ಹೆಚ್ಚು ಕೇಳಬಾರದೆಂದು ಆಜ್ಞೆ ಮಾಡಿತು.

ನರಿ ತಲೆಬಾಗಿ ಒಪ್ಪಿತು. ಮರುದಿನವೇ ಪೊಟ್ಟಣದೊಳಗಿನ ಪುಡಿ ಅರ್ಧಕ್ಕೆ ಇಳಿಯಿತು. ನಂಜಿ ಮತ್ತೆ ಆನೆಯ ಬಳಿಗೆ ನಡೆದಳು. ಆನೆ ತೂಕವನ್ನೂ ಗೊತ್ತು ಮಾಡಿತು. ಆಗ ನರಿ ಪುಡಿಗೆ ಒಂದು ಹನಿ ಜೇನು ಕಲಸಿ, 'ಜೇನುಸಿರು' ಎಂದು ಹೊಸ ಹೆಸರಿಟ್ಟು, ಅರವತ್ತು ಹಣ್ಣು ಕೇಳಿತು.

"ನಂಜಕ್ಕ, ಆಜ್ಞೆ ಇರುವುದು ಹಳೆಯ ಪುಡಿಗೆ. ಇದು ಬೇರೆ ಔಷಧಿ. ಹಳೆಯದನ್ನು ನಾನೀಗ ಮಾಡುತ್ತಿಲ್ಲ," ಎಂದಿತು.

ನಂಜಿಗೆ ವಾದಿಸುವ ಶಕ್ತಿಯೂ ಇರಲಿಲ್ಲ. ಮೂರನೆಯ ಸಲ ಆನೆಯ ಬಳಿಗೆ ಹೋಗಿ ನಡೆದದ್ದನ್ನು ಹೇಳಿದಳು.

"ದೊಡ್ಡಯ್ಯ, ನನಗೆ ಸಾಕಾಗಿದೆ. ನಾನು ಹಣ್ಣು ಆರಿಸಲೋ, ಇಲ್ಲಿಗೆ ನಡೆಯಲೋ, ಅವನ ಎದೆ ನೀವುತ್ತ ಕೂರಲೋ?" ಎಂದಳು.

ಆನೆಗೂ ಸಾಕಾಗಿತ್ತು. ಆದರೂ ಎದ್ದು ನಿಂತಿತು. "ಹೆಸರು ಏನೇ ಇರಲಿ, ಒಳಗೆ ಆ ಬೇರಿದ್ದರೆ ಹತ್ತೇ ಹಣ್ಣು," ಎಂದು ಕಾಡಿಗೆಲ್ಲ ಸಾರಿಸಿತು.

ನರಿ ಪುಡಿಯನ್ನೆಲ್ಲ ಗುಹೆಯಲ್ಲಿ ಬಚ್ಚಿಟ್ಟು, ಔಷಧಿ ಮುಗಿದಿದೆ ಎಂದುಬಿಟ್ಟಿತು. ಮುಳ್ಳುಹಂದಿಗಳಿಂದ ಬೇರು ಕೊಳ್ಳುವುದನ್ನೂ ನಿಲ್ಲಿಸಿತು. ರೋಗಿಗಳು ನರಳಿದರೆ ಆನೆ ತಾನಾಗಿ ಆಜ್ಞೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ ಎಂದುಕೊಂಡಿತು. ಐದು ದಿನ ನಂಜಿಯ ಗಂಡ ಮರದ ಬುಡದಲ್ಲೇ ಬಿದ್ದುಕೊಂಡಿದ್ದ.

ಆರನೆಯ ದಿನ ಆನೆ ತಾನೇ ಬೆಟ್ಟ ಹತ್ತಿತು. ಅಲ್ಲಿ ಮುಳ್ಳುಹಂದಿಗಳು ಕೊಳ್ಳುವವರಿಲ್ಲದ ಬೇರಿನ ರಾಶಿಯ ಮುಂದೆ ಕೂತಿದ್ದವು. ಅದೇ ಹತ್ತು ಹಣ್ಣಿಗೆ ನೇರವಾಗಿ ರೋಗಿಗಳಿಗೇ ಕೊಡಿ ಎಂದು ಆನೆ ಹೇಳಿತು. ಅವುಗಳಿಗೂ ಮೊದಲಿನ ಎರಡರಷ್ಟು ಸಿಕ್ಕಿತು.

ತಿಂಗಳು ಕಳೆದರೂ ನರಿಯನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಅದು ಗುಹೆ ತೆರೆದಾಗ ಪುಡಿಗೆಲ್ಲ ಬೂಷ್ಟು ಹಿಡಿದಿತ್ತು. ಹಸಿವು ತಾಳದೆ ಅದು ಮುಳ್ಳುಹಂದಿಗಳ ಬಳಿಗೆ ಹೋಯಿತು. ಅವು ಬೈಯಲಿಲ್ಲ. ಅಗೆದರೆ ಹಣ್ಣು ಕೊಡುತ್ತೇವೆ ಎಂದವು. ನರಿ ಬಿಸಿಲಲ್ಲಿ ಬೇರು ಅಗೆಯತೊಡಗಿತು.

ನಂಜಿಯ ಗಂಡ ಬದುಕಿದ. ಆದರೆ ಆ ಐದು ದಿನಗಳ ನಂತರ ಅವನು ಕೆಳಗಿನ ಕೊಂಬೆಯನ್ನಷ್ಟೇ ಹತ್ತಬಲ್ಲವನಾದ. ಒಂದು ಮಧ್ಯಾಹ್ನ ನಂಜಿ ನೆರಳಲ್ಲಿ ಒರಗಿದವಳು ಹಾಗೆಯೇ ನಿದ್ದೆ ಹೋದಳು. ಮಕ್ಕಳು ಎಬ್ಬಿಸಲು ಬಂದವು. ಗಂಡ ಬೇಡವೆಂದು ಕೈಸನ್ನೆ ಮಾಡಿದ.

ನೀತಿ: ರೋಗಿಯ ಸಂಕಟದಲ್ಲಿ ಲಾಭ ಹುಡುಕುವವನು ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಔಷಧಿಗೆ ನ್ಯಾಯವಾದ ಬೆಲೆ ಗೊತ್ತು ಮಾಡಿದರೆ ಸಾಲದು, ಅದನ್ನು ಕಾಯುತ್ತಲೂ ಇರಬೇಕು.